ನೂರೆಂಟು ಹೆಸರು ಹೇಳುತ್ತಿದ್ದ ನನ್ನ ಮಗಳು

ನಮ್ಮ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ನನ್ನ ಮಗಳನ್ನು ಕೊಡುತ್ತಿದ್ದೆವು. ಹೀಗೆ ಬರೆದರೆ ಮಾವನಿಗೆ ಬೇಸರವಾಗಬಹುದು, ಆದರೆ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುವಷ್ಟರಲ್ಲಿ ಮಾವ ನೀಲಾಳನ್ನು ಎತ್ತಿಕೊಂಡು ಬಂದು ದಿವಾನದ ಮೇಲೆ ನಿಲ್ಲಿಸುತ್ತಿದ್ದರು. ಮೊದಲ ಹೆಸರನ್ನು ಅವರು ಎತ್ತಿಕೊಟ್ಟರೆ ಸಾಕು, ಶಿವನ ನೂರೆಂಟು ಹೆಸರುಗಳನ್ನು ಒಂದೂ ತಪ್ಪದೆ ಒಪ್ಪಿಸುತ್ತಿದ್ದಳು. ಆಗ ಅವಳಿಗೆ ಮೂರು ವರ್ಷವೂ ತುಂಬಿರಲಿಲ್ಲ.

ಅವಳು ಒಪ್ಪಿಸುವುದರಲ್ಲಿ ಒಂದು ತಮಾಷೆ ಇತ್ತು. ಮಾವ ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಯಾವ ಹೆಸರಿನ ಹತ್ತಿರ ಕೆಮ್ಮುತ್ತಿದ್ದರೋ ಅದೇ ಹೆಸರಿನ ಹತ್ತಿರ ಅವಳೂ ಕೆಮ್ಮುತ್ತಿದ್ದಳು. ಒಮ್ಮೆ ಪೂಜೆಯ ನಡುವೆ ಅವರು "ಕುಕ್ಕರ್ ಕೂಗ್ತಾ ಅದೆ, ನೋಡಮ್ಮ" ಎಂದು ನನ್ನನ್ನು ಕರೆದಿದ್ದರು. ಅಂದಿನಿಂದ ಶಿವನ ಹೆಸರುಗಳ ಜೊತೆ ಕುಕ್ಕರೂ ಸೇರಿಕೊಂಡಿತು, ಮಾವನದೇ ರಾಗದಲ್ಲಿ. ಕೇಳಿದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. "ಒಳ್ಳೇ ಟೇಪ್ ರೆಕಾರ್ಡರ್ ಕಣ್ರೀ ನಿಮ್ಮ ಮೊಮ್ಮಗಳು" ಎಂದು ಯಾರೋ ಅಂದಿದ್ದು ನೆನಪಿದೆ. ಹೊಗಳಿಕೆ ಎಂದುಕೊಂಡೇ ಅಂದಿದ್ದರು, ನಾವೂ ಹಾಗೆಯೇ ತೆಗೆದುಕೊಂಡೆವು. ಮಠದಿಂದ ಬಂದ ಹಿರಿಯರೊಬ್ಬರು ಅವಳ ತಲೆಯ ಮೇಲೆ ಕೈಯಿಟ್ಟು, ಎಲ್ಲೋ ತಪಸ್ಸನ್ನು ಅರ್ಧಕ್ಕೆ ಬಿಟ್ಟು ಬಂದ ಜೀವ ಇದು ಎಂದರು. ಅವರ ಜೊತೆ ಬಂದಿದ್ದ ಹೆಂಗಸೊಬ್ಬರು ಬಗ್ಗಿ ನನ್ನ ಮಗುವಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಂದು ಸಂಜೆ ಅತ್ತೆ ಅವಳಿಗೆ ದೃಷ್ಟಿ ತೆಗೆದರು, ಮಾವ ಬೀದಿಯ ನಾಲ್ಕು ಮನೆಗೆ ಕಲ್ಲುಸಕ್ಕರೆ ಹಂಚಿದರು.

ನಮ್ಮದು ನಜರ್‌ಬಾದಿನ ಹಳೆಯ ಮನೆ. ಮಾವನದು ಮಾರ್ಕೆಟ್ಟಿನ ಹತ್ತಿರ ಗ್ರಂಧಿಗೆ ಅಂಗಡಿ. ವಿಭೂತಿ, ಕರ್ಪೂರ, ಅರಿಶಿನದ ಕೊಂಬಿನಿಂದ ಹಿಡಿದು ಬಾಣಂತಿಗೆ ಬೇಕಾದ ಬೇರು ನಾರಿನವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ. ನನ್ನ ಗಂಡ ಮಹೇಶ್ ಅಪ್ಪನ ಜೊತೆ ಅದೇ ಅಂಗಡಿಯಲ್ಲಿ ಕೂರುತ್ತಾರೆ. ನಾನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ನನಗೆ ಬೇಗ ಸಿಟ್ಟು ಬರುತ್ತದೆ ಎಂದು ತವರಿನವರೂ ಗಂಡನ ಮನೆಯವರೂ ಒಪ್ಪುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನನ್ನ ಅನುಮಾನ ಶುರುವಾದದ್ದು ಲ್ಯಾಬಿನ ಕುರ್ಚಿಯಲ್ಲಿ. ಸೂಜಿ ಚುಚ್ಚುವಾಗ ಚಿಕ್ಕ ಮಕ್ಕಳು ಸೂಜಿಯನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಆಮೇಲೆ ಕುತ್ತಿಗೆ ತಿರುಗಿಸಿ ಅಮ್ಮನ ಮುಖ ನೋಡಿ ಅಳಲು ಶುರುಮಾಡುತ್ತಾರೆ. ಅಳು ಅಮ್ಮನಿಗಾಗಿಯೇ ಇರುತ್ತದೆ. ಅಮ್ಮ ಹೊರಗಿದ್ದರೆ ಬಾಗಿಲಿನ ಕಡೆ ನೋಡಿ ಅಳುತ್ತಾರೆ. ನೀಲಾಗೆ ಚುಚ್ಚುಮದ್ದು ಹಾಕಿಸಿದಾಗ ಅವಳೂ ಅತ್ತಳು, ಆದರೆ ನನ್ನ ಕಡೆ ತಿರುಗಲಿಲ್ಲ. ಗೋಡೆಯ ಮೇಲಿನ ಫ್ಯಾನ್ ನೋಡುತ್ತಾ ಅತ್ತಳು, ಅದು ನಿಂತಾಗ ಅಳುವುದನ್ನು ನಿಲ್ಲಿಸಿದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡವಳು ನಾನೇ, ಆದರೂ ಆ ಕೋಣೆಯಲ್ಲಿ ನಾನು ಇಲ್ಲವೇನೋ ಅನ್ನಿಸಿತು.

ಒಮ್ಮೆ ನೋಡಲು ಶುರುಮಾಡಿದ ಮೇಲೆ ಉಳಿದದ್ದೆಲ್ಲ ಕಾಣತೊಡಗಿತು. ನೂರೆಂಟು ಹೆಸರು ಹೇಳುವ ಮಗು ನೀರು ಬೇಕು ಎಂದು ಒಮ್ಮೆಯೂ ಹೇಳಿರಲಿಲ್ಲ. ಬಾಯಾರಿದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನನ್ನ ಕೈಯನ್ನು ಬಿಂದಿಗೆಯ ಮೇಲೆ ಇಡುತ್ತಿದ್ದಳು. ಆಗಲೂ ಮುಖ ನೋಡುತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದು ನನ್ನ ಕೈ ಮಾತ್ರ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಆದರೆ ಪಕ್ಕದ ಮನೆಯ ಗ್ರೈಂಡರ್ ಶುರುವಾದರೆ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ಹಕ್ಕಿ ತೋರಿಸಿದರೆ ಹಕ್ಕಿಯನ್ನು ಬಿಟ್ಟು ನನ್ನ ಬೆರಳನ್ನು ನೋಡುತ್ತಿದ್ದಳು. ಡಬ್ಬಿಗಳ ಮುಚ್ಚಳಗಳನ್ನು ನೆಲದ ಮೇಲೆ ತಿರುಗಿಸಿಬಿಟ್ಟು, ಕೆನ್ನೆಯನ್ನು ನೆಲಕ್ಕೆ ತಾಗಿಸಿಕೊಂಡು ಮಲಗಿ ನೋಡುವುದೊಂದೇ ಅವಳ ಆಟ. ಯಾವ ಮಗುವೂ ಹತ್ತಿರ ಬರಬಾರದು. ಬಂದರೆ ಎದ್ದು ಹೋಗುತ್ತಿದ್ದಳು.

ನಾನು ಹೇಳಿದೆ. ಹೇಳಿದ್ದೇ ತಪ್ಪಾಯಿತು. ಅತ್ತೆ, "ಎಣ್ಣುಮಗು ಅಲ್ವೇನಮ್ಮ, ಗಂಭೀರವಾಗಿ ಅವ್ಳೆ. ಬೀದಿ ಮಕ್ಕಳಂಗೆ ಕುಣೀಬೇಕಾ?" ಎಂದರು. ಮಹೇಶ್, "ದಿನಾ ರೋಗ ನೋಡೀ ನೋಡೀ ನಿಂಗೆ ಮನೇಲೂ ರೋಗಾನೇ ಕಾಣ್ಸುತ್ತೆ ಕಣೇ" ಎಂದರು. ಮಾವ ಮರುದಿನ ಅಂಗಡಿಯಿಂದ ಒಳ್ಳೆಯ ಬಜೆ ಕೊಂಬನ್ನು ತಂದು ಜೇನಿನಲ್ಲಿ ತೇಯ್ದು ಮೊಮ್ಮಗಳ ನಾಲಿಗೆಗೆ ತಿಕ್ಕಿದರು. ಮಾತು ತಡವಾದ ಮಕ್ಕಳಿಗೆ ಬಜೆ ತಿಕ್ಕಬೇಕೆಂದು ಅವರು ಅಂಗಡಿಗೆ ಬಂದ ಎಷ್ಟು ಅಜ್ಜಿಯರಿಗೆ ಹೇಳಿದ್ದಾರೋ. ನೀಲಾ ಮುಖ ಕಿವುಚಿ, ಉಗಿದು, ಮೊದಲಿನಿಂದ ಕೊನೆಯವರೆಗೆ ಶಿವನ ಹೆಸರು ಹೇಳಿದಳು. "ನೋಡು, ಮಾತಿಗೇನು ಬರ ಬಂದದಾ ಇವಳಿಗೆ?" ಎಂದು ಅವರು ನಕ್ಕರು. ನಾನು ಸಿಟ್ಟಿನಿಂದ ಬಜೆ ತೇಯುವ ಕಲ್ಲನ್ನೇ ಎತ್ತಿ ಅಟ್ಟದ ಮೇಲಿಟ್ಟೆ. ಆ ಮನೆಯಲ್ಲಿ ವಾದ ಮಾಡುವುದೆಂದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ದೇವರ ಹೆಸರು ಹೇಳುವ ಮಗುವಿಗೆ ಏನೋ ಆಗಿದೆ ಎಂದು ಯಾವ ಬಾಯಿಂದ ಹೇಳುವುದು? ಅನುಮಾನ ನನಗೇ ಪಾಪದಂತೆ ಕಾಣಲಾರಂಭಿಸಿತು. ಎಷ್ಟೋ ಸಲ ನಾನೂ ದಿವಾನದ ಪಕ್ಕ ನಿಂತು, ಬಂದವರ ಮುಖ ಅರಳುವುದನ್ನು ನೋಡಿ, ಇಷ್ಟು ಚೆನ್ನಾಗಿ ಹೇಳುವವಳಿಗೆ ಏನಾಗಿರಲು ಸಾಧ್ಯ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಆಮೇಲೆ ಆ ಭಾನುವಾರ ಬಂತು. ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಮಾವ ಪೇಪರ್ ಓದುತ್ತಿದ್ದರು, ಮಹೇಶ್ ಟಿವಿ ನೋಡುತ್ತಿದ್ದರು. ಮಲಗುವ ಕೋಣೆಯಿಂದ ನೀಲಾ ಹೆಸರುಗಳನ್ನು ಹೇಳಲು ಶುರುಮಾಡಿದ್ದು ಕೇಳಿಸಿತು. ಯಾರೂ ಎತ್ತಿಕೊಟ್ಟಿರಲಿಲ್ಲ. ಮಾವ ಪೇಪರ್ ಕೆಳಗಿಟ್ಟು, "ಟಿವಿ ಆರ್ಸೋ ಮಹೇಶ, ಕೇಳಲ್ಲಿ. ಯಾರೂ ಏಳದೇನೇ ಎಂಗೆ ಶುರು ಮಾಡವ್ಳೆ!" ಎಂದರು. ಮನೆ ಸುಮ್ಮನಾಯಿತು. ನಾನೂ ಒಲೆ ಸಣ್ಣ ಮಾಡಿ ಕೇಳಿದೆ. ಕೆಮ್ಮು ಬಂತು, ಕುಕ್ಕರ್ ಬಂತು, ಕೊನೆಯ ಹೆಸರೂ ಬಂತು. ಅಲ್ಲಿಗೆ ನಿಲ್ಲದೆ ಮತ್ತೆ ಮೊದಲಿನಿಂದ ಹಿಡಿದಳು. ಈ ಸಲ ದನಿ ಏರಿತ್ತು. ಹೆಸರುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅತ್ತೆ ದೇವರ ಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದರು. ನನಗೆ ಮಾತ್ರ ಆ ದನಿ ಎಲ್ಲೋ ಕೇಳಿದ್ದೆನ್ನಿಸಿತು. ಲ್ಯಾಬಿನಲ್ಲಿ ಸೂಜಿ ಹತ್ತಿರ ಬಂದಾಗ ಮಕ್ಕಳ ದನಿ ಏರುವುದು ಹಾಗೆ. ಸೌಟು ಬಿಸಾಡಿ ಓಡಿದೆ.

ಅವಳ ಬೆರಳು ಬೀರುವಿನ ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಕೈಯಿಂದ ಆ ಬಾಗಿಲನ್ನು ಅವಳೇ ಒತ್ತಿ ಹಿಡಿದಿದ್ದಳು. ಉಗುರು ಕಪ್ಪಾಗಿ, ರಕ್ತ ಕೆಳಗಿನ ಅರೆಯ ಸೀರೆಗಳ ಮೇಲೆ ಇಳಿದಿತ್ತು. ಮುಖವೆಲ್ಲ ಬೆವರು. ಅಮ್ಮಾ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ. ನಾನು ಬಾಗಿಲು ತೆಗೆದು ಬೆರಳು ಬಿಡಿಸುವಾಗಲೂ ಬೀರುವಿನ ಬೀಗದ ಕಡೆಯೇ ನೋಡುತ್ತಾ ಶಿವನ ಹೆಸರು ಹೇಳುತ್ತಿದ್ದಳು. ಹಿಂದಿನಿಂದ ಬಂದ ಮಾವ ರಕ್ತ ನೋಡಿದರು. ಅವರ ಮುಖದಲ್ಲಿ ಇನ್ನೂ ಸಂತೋಷ ಪೂರ್ತಿ ಆರಿರಲಿಲ್ಲ. ಅದು ಆರುವುದನ್ನು ನಾನು ನೋಡಿದೆ. ಅಂಥದ್ದನ್ನು ಶತ್ರುವಿನ ಮುಖದಲ್ಲೂ ನೋಡಬಾರದು.

ಆಸ್ಪತ್ರೆಯಲ್ಲಿ ಬೆರಳಿಗೆ ಹೊಲಿಗೆ ಹಾಕಿದ ಡಾಕ್ಟರ್ ಚಿಕ್ಕ ವಯಸ್ಸಿನವರು. ಬ್ಯಾಂಡೇಜು ಸುತ್ತುತ್ತಾ "ನಿನ್ನ ಹೆಸರೇನು ಪುಟ್ಟಿ?" ಎಂದು ಕೇಳಿದರು. ಅವಳು "ನಿನ್ನ ಹೆಸರೇನು ಪುಟ್ಟಿ" ಎಂದು ಅವರದೇ ದನಿಯಲ್ಲಿ ಹೇಳಿದಳು. "ನೋವಾಗ್ತಾ ಇದೆಯಾ?" ಎಂದರು. "ನೋವಾಗ್ತಾ ಇದೆಯಾ" ಎಂದಳು. ಅವರು ಬ್ಯಾಂಡೇಜು ಮುಗಿಸಿ, ನನ್ನನ್ನು ಪಕ್ಕಕ್ಕೆ ಕರೆದು, ಮಕ್ಕಳ ಬೆಳವಣಿಗೆ ನೋಡುವವರ ಹತ್ತಿರ ಒಂದು ಸಲ ತೋರಿಸಿ ಎಂದರು. ನನಗೆ ಅಲ್ಲಿಯೇ ಅಳು ಬಂತು. ಹೆದರಿಕೆಗಿಂತ ಹೆಚ್ಚಾಗಿ, ನನಗೆ ಕಂಡದ್ದು ಇನ್ನೊಬ್ಬರಿಗೂ ಕಂಡಿತಲ್ಲ ಎಂಬ ಸಮಾಧಾನಕ್ಕೆ ಬಂದ ಅಳು ಅದು. ಮಗಳಿಗೆ ಏನೋ ಆಗಿದೆ ಎಂದಾಗ ತಾಯಿಗೆ ಸಮಾಧಾನವೂ ಆಗಬಹುದು ಎಂದು ನನಗೆ ಗೊತ್ತಿರಲಿಲ್ಲ. ನಿಮಗೂ ಹಾಗೆ ಆಗಿದ್ದರೆ ನೀವು ಕೆಟ್ಟ ತಾಯಿಯಲ್ಲ.

ನಮ್ಮ ಊರಿನ ವಿಜಯನಗರ ಬಡಾವಣೆಯಲ್ಲಿ ಅಂಥ ಮಕ್ಕಳನ್ನು ಪರೀಕ್ಷಿಸುವ ಒಂದು ಕೇಂದ್ರವಿದೆ. ನಾನೂ ಮಹೇಶರೂ ಹೊರಟಾಗ ಮಾವ ತಾವೂ ಬರುವುದಾಗಿ ಹಟ ಹಿಡಿದರು. ಅಂಗಡಿಗೆ ಮಧ್ಯಾಹ್ನದವರೆಗೆ ಬೀಗ ಹಾಕಿ, ಒಗೆದ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಬಂದು ಕಾಯುವ ಕೋಣೆಯ ಬೆಂಚಿನಲ್ಲಿ ಕೂತರು. ಅಲ್ಲಿ ಯಾವ ಮಗುವೂ ಸುಮ್ಮನೆ ಕೂತಿರಲಿಲ್ಲ. ಒಬ್ಬ ಹುಡುಗ ಸ್ವಿಚ್ಚನ್ನು ಹಾಕಿ ಆರಿಸಿ ಮಾಡುತ್ತಿದ್ದ. ಇನ್ನೊಂದು ಮಗು ತಲೆಯನ್ನು ಗೋಡೆಗೆ ಮೆಲ್ಲಗೆ ಹೊಡೆದುಕೊಳ್ಳುತ್ತಿತ್ತು, ಅದರ ತಂದೆ ಗೋಡೆಗೂ ತಲೆಗೂ ನಡುವೆ ಅಂಗೈ ಇಟ್ಟುಕೊಂಡು ಫೋನಿನಲ್ಲಿ ಯಾರೊಂದಿಗೋ ಸಿಮೆಂಟಿನ ವ್ಯವಹಾರ ಮಾತಾಡುತ್ತಿದ್ದರು. ನೀಲಾ ನೆಲದ ಮೇಲೆ ಮಲಗಿ ನನ್ನ ಟಿಫಿನ್ ಡಬ್ಬಿಯ ಮುಚ್ಚಳ ತಿರುಗಿಸಿದಳು. ಬೇರೆ ಕಡೆ ಆಗಿದ್ದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು, ಒಬ್ಬರು ಬುದ್ಧಿ ಹೇಳುತ್ತಿದ್ದರು. ಇಲ್ಲಿ ಒಬ್ಬ ಹೆಂಗಸು ಕಾಲು ಮೇಲೆತ್ತಿ ಮುಚ್ಚಳಕ್ಕೆ ಜಾಗ ಬಿಟ್ಟುಕೊಟ್ಟರು, ಅಷ್ಟೇ. ಅವರು ವರುಣ ಎಂಬ ಹಳ್ಳಿಯ ಕಡೆಯ ಮಂಜುಳಾ ಎಂಬುವರು. ಸ್ವಿಚ್ಚು ಒತ್ತುತ್ತಿದ್ದ ಹುಡುಗ ಅವರ ಮಗ.

"ನಿಮ್ದೂ ಕೈ ಎಳ್ಕಂಡ್ ಓಯ್ತದಾ?" ಎಂದು ಮಂಜುಳಾ ಕೇಳಿದರು. ಹೌದೆಂದೆ. "ಮಾತು?" ಎಂದರು. ದೇವರ ಹೆಸರು ಹೇಳುತ್ತಾಳೆ, ನೂರೆಂಟೂ ಹೇಳುತ್ತಾಳೆ ಎಂದೆ. ಅವರು ನಕ್ಕುಬಿಟ್ಟರು. "ನಮ್ಮೋನು ಬಸ್ಸಿನ ಬೋರ್ಡ್ ಏಳ್ತಾನೆ ಕಣಕ್ಕ. ಊರೂರಿಂದೂ ಏಳ್ತಾನೆ. ಬಸ್ಸಿನ ಬೋರ್ಡಿಗೆ ಯಾರು ಕಾಲಿಗ್ ಬೀಳ್ತಾರೆ? ಅದ್ಕೇ ಬೇಗ ಕರ್ಕಬಂದ್ಬುಟ್ಟೊ." ನನಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಪಕ್ಕದಲ್ಲಿ ಮಾವ ಪಂಚೆಯ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದರು. ಮಂಜುಳಾ ಚೀಲದಿಂದ ಕಡಲೆಕಾಯಿ ತೆಗೆದು ಅವರ ಕೈಗೂ ಒಂದು ಹಿಡಿ ಹಾಕಿದರು.

ಪರೀಕ್ಷೆ ಎಂದರೆ ಆಟ. ಅಶ್ವಿನಿ ಎಂಬ ತೆರಪಿಸ್ಟ್ ನೆಲದ ಮೇಲೆ ಕೂತು ಚೆಂಡು ಉರುಳಿಸಿದರು, ಗೊಂಬೆಗೆ ಊಟ ಮಾಡಿಸಿದರು, ಹಿಂದಿನಿಂದ ಹೆಸರು ಕರೆದರು, ಸಾಬೂನಿನ ಗುಳ್ಳೆ ಊದಿ ನಿಲ್ಲಿಸಿ ಕಾದರು. ನೀಲಾ ಗುಳ್ಳೆಗಾಗಿ ಅವರ ಕೈಯನ್ನು ಎಳೆದಳು. ಆಮೇಲೆ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು ಕೇಳಿದರು. ಹೆಸರು ಕರೆದರೆ ತಿರುಗುತ್ತಾಳಾ? ಬೆರಳು ತೋರಿಸುತ್ತಾಳಾ? ಟಾಟಾ ಮಾಡುತ್ತಾಳಾ? ಬೇರೆ ಮಕ್ಕಳನ್ನು ನೋಡಿ ಆಡುತ್ತಾಳಾ? ಮಹೇಶ್ ಪ್ರತಿಯೊಂದಕ್ಕೂ "ಒಂದೊಂದ್ಸಲ" ಎನ್ನುತ್ತಿದ್ದರು. "ಯಾವತ್ತಾದ್ರೂ ಏನನ್ನಾದ್ರೂ ನಿಮಗೆ ತೋರಿಸ್ಬೇಕು ಅಂತಾನೇ ತಂದಿದ್ದಾಳಾ? ಒಂದು ಹೂವು, ಒಂದು ಕಲ್ಲು, ಹೊಸ ಬಟ್ಟೆ, ಏನಾದ್ರೂ?" ಎಂದು ಡಾಕ್ಟರ್ ಕೇಳಿದರು. ಮೂರೂವರೆ ವರ್ಷದಲ್ಲಿ ಮಗಳು ತಂದು ತೋರಿಸಿದ ಒಂದು ಕಲ್ಲನ್ನೂ ಮಹೇಶರಿಗೆ ನೆನಪಿಸಿಕೊಳ್ಳಲು ಆಗಲಿಲ್ಲ. ಅವರು ನನ್ನ ಮುಖ ನೋಡಿದರು. ನನ್ನ ಮೇಲೆ ರೇಗುತ್ತಿದ್ದ ಗಂಡ ಅಲ್ಲಿರಲಿಲ್ಲ, ಹೆದರಿದ ಅಪ್ಪನೊಬ್ಬ ಇದ್ದ.

ಡಾಕ್ಟರ್ ಆಟಿಸಂ ಎಂದರು. ಇದು ಜ್ವರದ ಹಾಗೆ ಬಂದು ಹೋಗುವುದಲ್ಲ, ಅವಳು ಇರುವ ರೀತಿಯೇ ಇದು, ಕಲಿಸುವ ದಾರಿಗಳಿವೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು ಎಂದರು. ಬೆಳೆಸಿದ್ದರಲ್ಲಿ ಯಾರದೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದರು. ನನ್ನ ಕಿವಿಗೆ ಪೂರ್ತಿ ಬೀಳಲಿಲ್ಲ. ಇವಳು ಮದುವೆಯಾಗುತ್ತಾಳಾ, ಓದುತ್ತಾಳಾ, ನಾವು ಸತ್ತ ಮೇಲೆ ಇವಳಿಗೆ ನೀರು ಕೊಡುವವರು ಯಾರು, ಎಲ್ಲವೂ ಒಟ್ಟಿಗೆ ತಲೆಯಲ್ಲಿ ನುಗ್ಗಿದವು. ಆ ಕೊನೆಯ ಪ್ರಶ್ನೆ ಇವತ್ತಿಗೂ ಹೋಗಿಲ್ಲ. ಹೋಗುತ್ತದೆ ಎಂದು ನಿಮಗೆ ಸುಳ್ಳು ಹೇಳಲಾರೆ.

ಮಾವ ಆಗ ಕೇಳಿದರು. "ಅಂಗಾದ್ರೆ ಅವಳು ಏಳ್ತಿದ್ದಿದ್ದು? ಶಿವನ ಎಸ್ರು? ಅದೂ ಕಾಯಿಲೇನಾ ತಾಯಿ?"

ಡಾಕ್ಟರ್ ಅಶ್ವಿನಿಯ ಕಡೆ ನೋಡಿದರು. ಅಶ್ವಿನಿ ಕುರ್ಚಿ ಎಳೆದುಕೊಂಡು ಮಾವನ ಎದುರಿಗೆ ಕೂತು ಹೇಳಿದರು. "ಇಲ್ಲ ಅಜ್ಜಾರೆ. ಅದು ಅವಳಿಗೆ ಇಷ್ಟ, ಹೇಳಿದ್ರೆ ನೆಮ್ಮದಿ ಆಗುತ್ತೆ. ಆದ್ರೆ ಅರ್ಥ ಇಟ್ಕೊಂಡು ಹೇಳ್ತಿಲ್ಲ. ನೀವು ಹೇಳಿದ್ರಲ್ಲ, ಆವತ್ತು ಬೆರಳು ಸಿಕ್ಕಾಕ್ಕೊಂಡಾಗ, ಅದು ಮಾತ್ರ ಬೇರೆ. ಅಮ್ಮ ಅಂತ ಕೂಗಿದ್ರೆ ಅಮ್ಮ ಬರ್ತಾಳೆ ಅನ್ನೋದು ಅವಳಿಗೆ ಗೊತ್ತಿಲ್ಲ. ಈ ಹೆಸರುಗಳನ್ನ ಹೇಳಿದ್ರೆ ಮನೆಯವರೆಲ್ಲ ಬಂದು ಸುತ್ತ ನಿಲ್ತಾರೆ ಅನ್ನೋದು ಗೊತ್ತು. ಅವಳು ನಿಮ್ಮನ್ನ ಕರೆದಿದ್ದಾಳೆ."

ಮಾವ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ದೊಡ್ಡವರು ಅಳುವುದನ್ನು ನಾನು ಲ್ಯಾಬಿನಲ್ಲಿ ದಿನವೂ ನೋಡುತ್ತೇನೆ, ರಿಪೋರ್ಟು ಕೈಗೆ ಕೊಟ್ಟು ಬೇರೆ ಕಡೆ ನೋಡುವುದನ್ನು ಕಲಿತಿದ್ದೇನೆ. ಅವತ್ತು ಹಾಗೆ ಮಾಡಲಾಗಲಿಲ್ಲ. ಮಗು ಕರೆದಿದೆ, ಎರಡು ಸಲ ಕರೆದಿದೆ, ನಾವು ಟಿವಿ ಆರಿಸಿ ಆ ಕರೆಯನ್ನು ಸವಿದಿದ್ದೇವೆ. ಮನೆಗೆ ಬರುವ ಆಟೋದಲ್ಲಿ ಮೂವರಿಗೂ ಅದೇ ಯೋಚನೆ ಇತ್ತು. ನೀಲಾ ಮಾತ್ರ ಆಟೋದ ಪರದೆ ಗಾಳಿಗೆ ಪಟಪಟ ಎನ್ನುವುದನ್ನು ನೋಡಿ ಕೇಕೆ ಹಾಕಿ ನಗುತ್ತಿದ್ದಳು.

ನೆಂಟರಿಷ್ಟರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಬ್ಬರು ಮೊಬೈಲಿನಿಂದ ಬಂದದ್ದು ಎಂದರು, ನಮ್ಮ ಮನೆಯಲ್ಲಿ ಅವಳಿಗೆ ಮೊಬೈಲ್ ಕೊಟ್ಟೇ ಇರಲಿಲ್ಲ. ಒಬ್ಬರು ನಾನು ಕೆಲಸಕ್ಕೆ ಹೋಗುವುದರಿಂದ ಎಂದರು. ಅವರಿಗೆ ನಾನು ಕೊಟ್ಟ ಉತ್ತರವನ್ನು ಅಚ್ಚು ಹಾಕಲಾಗುವುದಿಲ್ಲ. ಅತ್ತೆ ನನಗೆ ತಿಳಿಸದೆ ಹರಕೆ ಹೊತ್ತರು, ತಿಳಿದ ಮೇಲೆ ನಾನೇ ಅವರ ಜೊತೆ ಹೋಗಿ ತೀರಿಸಿದೆ. ಹರಕೆಯ ಮೇಲೆ ನನಗೆ ಕೋಪವಿಲ್ಲ. ಹರಕೆ ಹೊತ್ತ ಮಾರನೆಯ ದಿನವೂ ತೆರಪಿಗೆ ಕರೆದುಕೊಂಡು ಹೋಗಲೇಬೇಕು ಎಂಬುದಷ್ಟೇ ನನ್ನ ಜಗಳ, ಆ ಜಗಳದಲ್ಲಿ ನಾನು ಗೆದ್ದೆ.

ಅಶ್ವಿನಿ ನಮಗೆ ಹಾಕಿದ ಮೊದಲ ಕಟ್ಟಳೆ, ಇನ್ನು ಮೇಲೆ ಮಗುವನ್ನು ಒಪ್ಪಿಸು ಎಂದು ಕೇಳಬಾರದು. ಅವಳಿಗೆ ಬೇಕಾದಾಗ ಹೇಳಿಕೊಳ್ಳಲಿ, ತಡೆಯಬೇಡಿ, ಚಪ್ಪಾಳೆಯನ್ನೂ ತಟ್ಟಬೇಡಿ. ನಾವು ಕೇಳಿದಾಗ ಹೇಳಿದ ನೂರು ಮಾತಿಗಿಂತ, ಯಾರೂ ಕೇಳದಿದ್ದಾಗ ತನಗಾಗಿ ಹೇಳುವ ಒಂದು ಮಾತು ದೊಡ್ಡದು ಎಂದರು. ಎರಡನೆಯದು ಕಾಯುವುದು. ನೀರಿನ ಲೋಟ ಹಿಡಿದು ಅವಳ ಕಣ್ಣೆತ್ತರಕ್ಕೆ ಕೂತು, ಒಮ್ಮೆ "ನೀರು" ಎಂದು ಹೇಳಿ ಸುಮ್ಮನಿರಬೇಕು. ಅವಳು ನೋಡಿದರೆ, ಕೈ ಚಾಚಿದರೆ, ಏನಾದರೂ ದನಿ ಮಾಡಿದರೆ ತಕ್ಷಣ ಕೊಡಬೇಕು. ಕೇಳಲು ಸುಲಭ. ಬಾಯಾರಿದ ಮಗುವಿನ ಎದುರು ನೀರು ಹಿಡಿದು ಸುಮ್ಮನೆ ಕೂರುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು. ಅವಳು ಕಿರುಚಿ ನೆಲಕ್ಕೆ ಬೀಳುತ್ತಿದ್ದಳು, ಅತ್ತೆ ಬಾಗಿಲಲ್ಲಿ ನಿಂತು ನನಗೆ ಶಾಪ ಹಾಕುತ್ತಿದ್ದರು. ಎಷ್ಟೋ ಸಲ ನಾನು ಸೋತು ಲೋಟ ಕೊಟ್ಟುಬಿಡುತ್ತಿದ್ದೆ.

ಸುಮ್ಮನಿರುವುದನ್ನು ಕಲಿಯಲು ಎಲ್ಲರಿಗಿಂತ ಕಷ್ಟವಾದದ್ದು ಮಾವನಿಗೆ. ಅವರು ಬದುಕಿರುವುದೇ ಮಾತಿನಿಂದ. ಅಂಗಡಿಗೆ ಬಂದವರು ಒಂದು ಕೇಳಿದರೆ ನಾಲ್ಕು ಹೇಳುವ ಮನುಷ್ಯ. ಮೊಮ್ಮಗಳ ಎದುರು ಕೂತರೆ ತುಟಿ ತಾನಾಗಿ ಮೊದಲ ಹೆಸರನ್ನು ಎತ್ತುತ್ತಿತ್ತು. ಆಗ ಅವರೇ ತುಟಿಯ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದರು. ಬೆಳಗಿನ ಪೂಜೆಯನ್ನು ಬಾಯಿಬಿಡದೆ ಮನಸ್ಸಿನಲ್ಲೇ ಮಾಡಲಾ ಎಂದು ಅಶ್ವಿನಿಯನ್ನು ಕೇಳಿದರಂತೆ. ಅದೇನೂ ಬೇಡ ಅಜ್ಜಾರೆ, ಪೂಜೆ ನಿಮ್ಮದು ಎಂದು ಅವರು ನಕ್ಕರಂತೆ. ಅಂಗಡಿಗೆ ಬಜೆ ಕೇಳಿಕೊಂಡು ಬರುವ ಅಜ್ಜಿಯರಿಗೆ ಈಗಲೂ ಕೊಡುತ್ತಾರೆ. ಕಟ್ಟಿಕೊಡುತ್ತಾ, "ಮಗು ಎಸ್ರಿಟ್ಟು ಕರೆದ್ರೆ ತಿರುಗ್ತದಾ? ಬೆರಳು ಮಾಡಿ ತೋರಿಸ್ತದಾ? ಇಲ್ಲಾಂದ್ರೆ ಬಜೇನ ನಂಬ್ಕೊಂಡು ಕೂರ್ಬೇಡಿ ಕಣ್ರವ್ವ, ನಾಳೆನೇ ಡಾಕ್ಟರಿಗೆ ತೋರ್ಸಿ" ಎನ್ನುತ್ತಾರೆ. ಕೆಲವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ಒಬ್ಬಾಕೆ ತಿಂಗಳ ಮೇಲೆ ಮೊಮ್ಮಗನನ್ನು ಕರೆದುಕೊಂಡು ಅದೇ ಕಾಯುವ ಕೋಣೆಗೆ ಬಂದಿದ್ದರು. ನಾನು ಕಾಲು ಮೇಲೆತ್ತಿ ಆ ಮಗುವಿಗೆ ಜಾಗ ಬಿಟ್ಟೆ.

ವರ್ಷಗಳು ಹೋದವು. ಎಲ್ಲ ಏರುಮುಖವಾಗಿತ್ತು ಎಂದು ತಿಳಿಯಬೇಡಿ. ಬಂದದ್ದು ಹೋಗುತ್ತಿತ್ತು, ಹೋದದ್ದು ಮತ್ತೆ ಬರುತ್ತಿತ್ತು. ಶಾಲೆಯೊಂದರಲ್ಲಿ ಸೇರಿಸಿಕೊಂಡು ವಾರ ಕಳೆಯುವುದರೊಳಗೆ ಬೇಡವೆಂದರು. ಸಿದ್ಧಾರ್ಥನಗರದ ಇನ್ನೊಂದು ಸಣ್ಣ ಶಾಲೆಯಲ್ಲಿ ಮೇಡಂ ಒಬ್ಬರು ಅವಳಿಗೆ ಕಿಟಕಿಯ ಪಕ್ಕದ ಜಾಗ ಕೊಟ್ಟು, ಗಂಟೆ ಹೊಡೆಯುವ ಮೊದಲು ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಡುತ್ತಾರೆ. ಈಗಲೂ ಅಲ್ಲಿಗೇ ಹೋಗುತ್ತಾಳೆ. ಒಂದು ದಿನ ಗೇಟಿನ ಹತ್ತಿರ ಸತ್ತ ದುಂಬಿಯೊಂದನ್ನು ಎತ್ತಿಕೊಂಡು ಬಂದು ಮಹೇಶರ ಮೂಗಿನ ಕೆಳಗೆ ಹಿಡಿದಳು. ಕೊಡಲಿಲ್ಲ, ಎಸೆಯಲಿಲ್ಲ, ಹಿಡಿದುಕೊಂಡು ಅವರ ಮುಖ ನೋಡಿದಳು. ಆ ದುಂಬಿಯನ್ನು ಅವರು ಬೆಂಕಿಪೆಟ್ಟಿಗೆಯಲ್ಲಿಟ್ಟು ಅಂಗಡಿಯ ಗಲ್ಲಾದಲ್ಲಿ ಇಟ್ಟುಕೊಂಡಿದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ರೇಗಿಸುತ್ತೇನೆ. ನೀರು, ಬಾ, ಸಾಕು, ಇಂಥ ಬಿಡಿ ಮಾತುಗಳು ನಾವು ಕೇಳಿದರೆ, ಕಾದರೆ ಬರುತ್ತಿದ್ದವು. ಯಾರೂ ಕೇಳದೆ, ಯಾರದೂ ಅನುಕರಣೆಯಲ್ಲದೆ, ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳುವ ಮಾತು ಮಾತ್ರ ಬಂದಿರಲಿಲ್ಲ. ನಾವು ಕಾಯುತ್ತಿದ್ದದ್ದು ಅದಕ್ಕೆ. ಇನ್ನೊಮ್ಮೆ ಬೆರಳು ಸಿಕ್ಕಿಕೊಂಡರೆ, ಹೊಟ್ಟೆ ನೊಂದರೆ, ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದರೆ ಅವಳು ಏನೆನ್ನುತ್ತಾಳೆ ಎಂಬ ಹೆದರಿಕೆ ನನ್ನ ಜೊತೆಯಲ್ಲೇ ಮಲಗಿ ಏಳುತ್ತಿತ್ತು.

ಹೋದ ತಿಂಗಳು ಚಾಮರಾಜನಗರದಿಂದ ಮಾವನ ದೊಡ್ಡಪ್ಪನ ಮಗ ಬಂದಿದ್ದರು. ವಯಸ್ಸಾದವರು, ಮೇಷ್ಟರಾಗಿ ನಿವೃತ್ತರಾದವರು, ಮಾವನಿಗೆ ಅಣ್ಣ. ನೀಲಾ ಮೂರು ವರ್ಷದವಳಿದ್ದಾಗ ಅವಳು ಹೇಳಿದ್ದನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಂಡವರಲ್ಲಿ ಅವರೂ ಒಬ್ಬರು. ಆಮೇಲಿನ ಸಂಗತಿ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಕೂರುತ್ತಲೇ, "ಎಲ್ಲಿ ನಮ್ಮ ಶರಣೆ? ಬಾಮ್ಮ ಇಲ್ಲಿ. ನಿಮ್ ತಾತಂಗೆ ಶಿವನ ಎಸ್ರು ಏಳ್ಬುಡು ಒಂದ್ಸಲ" ಎಂದರು. ಏಳು ವರ್ಷದ ನೀಲಾ ಕಿಟಕಿಯ ಹತ್ತಿರ ಕೂತು ಬಟ್ಟೆಯ ಕ್ಲಿಪ್ಪುಗಳನ್ನು ಒಂದಕ್ಕೊಂದು ಕಚ್ಚಿಸುತ್ತಿದ್ದಳು. ಮಾವ ಸಂಕಟದಿಂದ ನನ್ನ ಕಡೆ ನೋಡಿದರು. ಅಣ್ಣನಿಗೆ ಇಲ್ಲ ಎಂದು ಅವರು ಜನ್ಮದಲ್ಲಿ ಹೇಳಿದವರಲ್ಲ. ನಾನು ಏನೋ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಆ ಹಿರಿಯರು ಎದ್ದು ಹೋಗಿ ಅವಳ ಎದುರು ಬಗ್ಗಿ, ತಾವೇ ಮೊದಲ ಹೆಸರನ್ನು ಎತ್ತಿಕೊಟ್ಟರು.

ನೀಲಾಳ ಕೈ ನಿಂತಿತು. ತುಟಿ ಎರಡನೆಯ ಹೆಸರಿಗೆ ಹೊರಟದ್ದು ನನಗೆ ಕಂಡಿತು. ಅದು ಅಲ್ಲೇ ನಿಂತಿತು. ಅವಳು ತಲೆಯೆತ್ತಿ ಅವರ ಮುಖವನ್ನು ನೋಡಿದಳು.

"ಬೇಡ" ಎಂದಳು.

ಮಾವನ ರಾಗವಲ್ಲ, ಅಶ್ವಿನಿಯ ರಾಗವಲ್ಲ, ನನ್ನದೂ ಅಲ್ಲ. ಒರಟು ದನಿ. ಅಂಥ ದನಿ ಅವಳಿಗಿದೆ ಎಂದು ನಮಗೆ ಗೊತ್ತಿರಲಿಲ್ಲ.

"ಏನ್ ಮಗೂನಪ್ಪ ಇದು, ದೊಡ್ಡೋರು ಕೇಳುದ್ರೆ ಬೇಡ ಅಂತದೆ! ಮೊದ್ಲು ಎಷ್ಟು ಚೆನ್ನಾಗಿ ಏಳ್ತಿತ್ತು" ಎಂದು ಹಿರಿಯರು ಮುಖ ಸಣ್ಣ ಮಾಡಿಕೊಂಡು ತಿರುಗಿದರು. ಮಾವ ಎದ್ದು ನಿಂತಿದ್ದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ತೆರೆದಿತ್ತು. ಇನ್ನೊಂದು ಸಲ ಹೇಳು ತಾಯಿ ಎಂಬ ಮಾತು ಅವರ ತುಟಿಯವರೆಗೆ ಬಂದದ್ದನ್ನು ನಾನು ನೋಡಿದೆ. ಅದನ್ನು ಹೇಗೆ ನುಂಗಿಕೊಂಡರೋ ನಾನರಿಯೆ. ಟವೆಲ್ ಸರಿಮಾಡಿಕೊಂಡು ಅವರು ಅಣ್ಣನ ಕಡೆ ತಿರುಗಿದರು.

"ಮಗು ಬೇಡ ಅಂತು ಕಣಣ್ಣ" ಎಂದರು. "ಬುಟ್ಬುಡು."